ಕಚ್ಚಾ ಲಿಂಬುವಿನ ಜೋಡಿ

ಚೆಂಡು ತನಗೆ ಬಡಿಯಲೇ ಇಲ್ಲ ಎಂದು ಹಟ ಹಿಡಿದು ಅಳುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಚೆಂಡು ತನಗೆ ಬಡಿಯಿತು, ಖರೆಯೇ ಬಡಿಯಿತು ಎಂದು ಅಳುವ ಮಗುವನ್ನು ಕಂಡದ್ದು ಅವತ್ತೇ ಮೊದಲು. ಅದೂ ನನ್ನ ಮಗನೇ.

ವಿನೀತ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ಅವನ ಪಾರ್ಟಿ ಗೆದ್ದಿತ್ತು. ಕೊನೆಯ ಕಲ್ಲು ಏರಿಸಿ ‘ಲಗೋರಿ’ ಎಂದು ಕೂಗಿದವನೂ ಅವನೇ. ಕಾಲು ತೊಳೆಯಲೆಂದು ನಾನು ತಂಬಿಗೆಯಲ್ಲಿ ನೀರು ತಂದರೆ ಅವನ ಕಣ್ಣು ತುಂಬಿದ್ದವು.

"ಯಾಕೋ ರಾಜಾ, ಗೆದ್ದೀಯಲ್ಲ?"

"ಚೆಂಡು ನನಗ ಬಡದಿತ್ತಮ್ಮಾ. ಇಲ್ಲಿ." ತೊಡೆ ತೋರಿಸಿದ. "ಯಾರೂ ಔಟ್ ಅನ್ಲಿಲ್ಲ."

"ಯಾರೂ ನೋಡಿರಲಿಕ್ಕಿಲ್ಲ. ಛಲೋನ ಆತಲ್ಲ?"

"ಎಲ್ಲಾರೂ ನೋಡ್ಯಾರ."

ನಾನು ಅವನ ಕಾಲಿಗೆ ನೀರು ಹಾಕಿದೆ. ಅವನು ಆ ರಾತ್ರಿ ಸೀಕರಣಿಯನ್ನೂ ಮುಟ್ಟಲಿಲ್ಲ. ಮಾವಿನ ಹಣ್ಣಿನ ಸೀಕರಣಿ ಬೇಡವೆಂದ ಮೇಲೆ ಜ್ವರವೇ ಇರಬೇಕೆಂದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಮುಗದದಲ್ಲಿ ನಮ್ಮಪ್ಪನ ಹೊಲವಿದೆ. ಹೊಲದ ನಡುವೆ ಎರಡು ಕೋಣೆಯ ಹಂಚಿನ ಮನೆ, ಎದುರಿಗೆ ಮಾವಿನ ಗಿಡಗಳು, ಗಿಡಗಳ ಆಚೆ ಗಟ್ಟಿ ನೆಲದ ಬಯಲು. ವರ್ಷವೆಲ್ಲ ಅಪ್ಪ, ಅವ್ವ ಧಾರವಾಡದ ಮಾಳಮಡ್ಡಿಯಲ್ಲಿರುತ್ತಾರೆ. ಮೇ ಬಂದರೆ ಸಾಮಾನು ಕಟ್ಟಿಕೊಂಡು ಇಲ್ಲಿಗೆ. ಬೆಳಗಾವಿಯಿಂದ ನನ್ನ ತಮ್ಮ ಮಿಲಿಂದ ತನ್ನ ಮಕ್ಕಳಾದ ಮಾನಸಿ, ಕೌಸ್ತುಭರನ್ನು ಕರೆತರುತ್ತಾನೆ. ನಾನು ರಾಯಾಪುರದ ಫ್ಲ್ಯಾಟಿಗೆ ಬೀಗ ಹಾಕಿ ವಿನೀತನನ್ನು ಕರೆದುಕೊಂಡು ಬರುತ್ತೇನೆ. ಪಕ್ಕದ ಹೊಲದ ಫಕೀರಪ್ಪನವರ ಮೊಮ್ಮಕ್ಕಳು ವಿಶಾಲ, ದಾಕ್ಷಾಯಿಣಿ ಮುಂಜಾನೆ ಚಹಾದ ಹೊತ್ತಿಗೇ ಹಾಜರು.

ಈ ಮಕ್ಕಳನ್ನೆಲ್ಲ ಆಡಿಸುವುದು ಅವ್ವನ ಕೆಲಸ. ರಂಗೋಲಿ ಪುಡಿಯಿಂದ ಬಯಲಿನಲ್ಲಿ ಗೆರೆ ಹಾಕುವವಳು, ಲಗೋರಿಗೆ ಚಪ್ಪಟೆ ಕಲ್ಲು ಆರಿಸುವವಳು, ಜಗಳ ಬಿಡಿಸುವವಳು ಎಲ್ಲ ಅವಳೇ. ಅಪ್ಪನ ಕೈಯಲ್ಲಿ ಒಂದು ಸೀಟಿ ಕೊಟ್ಟು ಕೂರಿಸಿದ್ದಾಳೆ. ಯಾವಾಗ ಊದಬೇಕೆಂದು ಅಪ್ಪನಿಗೆ ಇಷ್ಟು ವರ್ಷವಾದರೂ ಗೊತ್ತಾಗಿಲ್ಲ. ಬೇಸರವಾದಾಗ ಊದುತ್ತಾನೆ.

ಆದರೆ ಈ ವರ್ಷ ಅವ್ವನೂ ಕುರ್ಚಿಯಲ್ಲಿ ಕುಳಿತಿದ್ದಳು. ಜನವರಿಯಲ್ಲಿ ಅವಳ ಎಡ ಮೊಣಕಾಲಿನ ಆಪರೇಷನ್ ಆಗಿತ್ತು. ಅಂದಿನಿಂದ ಅವಳು ಎದ್ದರೆ ಸಾಕು, ನಾವು ಯಾರಾದರೂ ‘ನೀ ಕೂಡು ಅವ್ವಾ’ ಎನ್ನುತ್ತೇವೆ. ಸಂಡಿಗೆ ಹಿಟ್ಟು ತಿರುವಲು ಬಂದರೆ ನಾನು ಅವಳ ಕೈಯಿಂದ ಸೌಟು ಇಸಿದುಕೊಳ್ಳುತ್ತೇನೆ. ಗೆರೆ ಹಾಕಲು ರಂಗೋಲಿ ಡಬ್ಬಿ ಹಿಡಿದರೆ ಮಾನಸಿ ಓಡಿ ಬಂದು ತಾನೇ ಹಾಕುತ್ತಾಳೆ. ಅವ್ವ ಏನೂ ಅನ್ನುವುದಿಲ್ಲ. ನಮ್ಮ ಕಾಳಜಿ ಅವಳಿಗೆ ಹಿತವಾಗಿದೆ ಎಂದೇ ನಾನು ತಿಳಿದಿದ್ದೆ.

ಲಗೋರಿಯಲ್ಲಿ ಪಾರ್ಟಿ ಮಾಡುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಸರಿಸಮ ಆಡುವ ಇಬ್ಬಿಬ್ಬರು ಜೋಡಿಯಾಗಬೇಕು. ದೊಡ್ಡ ಜೋಡಿ ಎರಡು ಕಡೆಯ ನಾಯಕರು. ಉಳಿದ ಜೋಡಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಗಿಡದ ಹಿಂದೆ ಹೋಗಿ ಗುಟ್ಟಿನಲ್ಲಿ ಒಂದೊಂದು ಹೆಸರಿಟ್ಟುಕೊಂಡು ಬರುತ್ತಾರೆ. ‘ಹುಲಿ ಬೇಕೋ ಸಿಂಹ ಬೇಕೋ’ ಎಂದು ನಾಯಕರನ್ನು ಕೇಳುತ್ತಾರೆ. ಹುಲಿ ಒಂದು ಕಡೆ, ಸಿಂಹ ಇನ್ನೊಂದು ಕಡೆ. ಮಾನಸಿಗೆ ವಿಶಾಲ ಜೋಡಿ, ಕೌಸ್ತುಭನಿಗೆ ದಾಕ್ಷಾಯಿಣಿ. ಎಲ್ಲರಿಗಿಂತ ಚಿಕ್ಕವನಾದ ವಿನೀತನಿಗೆ ಜೋಡಿಯಿಲ್ಲ. ಜೋಡಿಯಿಲ್ಲದವನು ಕಚ್ಚಾ ಲಿಂಬು. ಯಾವ ಕಡೆ ಬೇಕಾದರೂ ಆಡಬಹುದು, ಓಡಬಹುದು, ಕಲ್ಲು ಇಡಬಹುದು. ಚೆಂಡು ಬಡಿದರೂ ಅವನು ಔಟ್ ಅಲ್ಲ.

ಇದಕ್ಕಿಂತ ಸುಖದ ಜಾಗ ಆಟದಲ್ಲಿ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಮರುದಿನ ಮುಂಜಾನೆ ವಿನೀತ ಮಾನಸಿಯ ಹಿಂದೆ ಹಿಂದೆಯೇ ತಿರುಗುತ್ತಿದ್ದ. "ಅಕ್ಕಾ, ಇವತ್ತು ನಾ ಲಿಂಬು ಅಲ್ಲ, ಹೌದಲ್ಲೊ?"

"ಅಲ್ಲೋ ಮಾರಾಯಾ," ಎಂದು ಮಾನಸಿ ಅವನ ತಲೆ ಸವರಿ, ಅವನ ತಲೆಯ ಮೇಲಿನಿಂದ ನನಗೆ ಕಣ್ಣು ಹೊಡೆದಳು. ನಾನೂ ನಕ್ಕೆ. ಎಷ್ಟು ತಿಳಿವಳಿಕೆಯ ಹುಡುಗಿ ಎಂದುಕೊಂಡೆ. ವಿನೀತ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಮಾನಸಿಯ ಮುಖ ನೋಡಿದ. ಹೊರಗೆ ಹೋದ.

ವಿನೀತ ಲಿಂಬು ಆಗಲು ಒಲ್ಲೆನೆನ್ನುತ್ತಾನೆ ಎಂದು ಮಿಲಿಂದನಿಗೆ ಹೇಳಿದೆ. ಅವನು ಮಾವಿನ ಹಣ್ಣು ಹಿಂಡುತ್ತ ಕುಳಿತಿದ್ದ. "ಅಕ್ಕಾ, ನಾಳೆ ಖರೇನ ಚೆಂಡಿಲೆ ಬಡದ್ರ ಮದಲ ಓಡಿ ಬರಾಕಿ ನೀನ. ಹೋದ ವರ್ಷ ಕೌಸ್ತುಭನ ಕಿವಿ ಹಿಂಡೀಯಲ್ಲ, ಮರತೀಯೇನು?"

"ಅದು ಕಣ್ಣಿಗೆ ಬಡೀತಿತ್ತೋ."

"ಹಂಗಿದ್ರ ನಿನಗ ಏನ ಬೇಕು? ಬಡೀಬೇಕೋ ಬ್ಯಾಡೋ?"

ಮಗನಿಗೆ ನೋವಾಗಬಾರದು. ಮಗ ಅಳಬಾರದು. ಇವೆರಡೂ ಬೇರೆ ಬೇರೆ ಆಗಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಅವ್ವ ಅಲ್ಲೇ ಬಾಗಿಲ ಬಳಿ ಒಣಗಿದ ಸಂಡಿಗೆ ಬಿಡಿಸುತ್ತ ಕುಳಿತಿದ್ದಳು. ನಾವು ಅವಳಿಗೆ ಒಪ್ಪಿಸಿದ ಕೆಲಸ ಅದೊಂದೇ. ತಲೆಯೆತ್ತದೆ ಕೇಳಿದಳು, "ಅವಂಗ ಜೋಡಿ ಯಾರದಾರ?"

"ಯಾರೂ ಇಲ್ಲವ್ವಾ. ಅದ ತೊಂದ್ರಿ."

"ಹೂಂ," ಎಂದಳು. ಮತ್ತೆ ಸಂಡಿಗೆ ಬಿಡಿಸಿದಳು.

ಸಂಜೆ ಬಿಸಿಲು ಗಿಡಗಳಾಚೆ ಇಳಿದ ಮೇಲೆ ಮಕ್ಕಳು ಬಯಲಿಗೆ ಬಂದರು. ನಾನು ಅಡಿಗೆಮನೆಯ ಕಿಟಕಿಯ ಎದುರಿಗೆ ಚಪಾತಿ ಹಿಟ್ಟು ನಾದುತ್ತಿದ್ದೆ. ನೋಡಿದರೆ ಅವ್ವ ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳ ನಡುವೆ ನಿಂತಿದ್ದಾಳೆ.

"ವಿನೀತನ ಜೋಡಿ ನಾನು," ಎಂದಳು.

ಮಿಲಿಂದ ಚಹಾದ ಕಪ್ಪು ಕಟ್ಟೆಯ ಮೇಲಿಟ್ಟು ಎದ್ದ. "ಅವ್ವಾ, ಹುಚ್ಚೇನು? ಡಾಕ್ಟರು ಏನ ಹೇಳ್ಯಾರ?"

"ದಿನಾ ಅಡ್ಡಾಡ್ರಿ ಅಂದಾರ. ಲಗೋರಿ ಆಡಬ್ಯಾಡ್ರಿ ಅಂತ ಹೇಳ್ಯಾರೇನು?"

"ಅವರಿಗೆ ಯಾರು ಕೇಳ್ತಾರವ್ವಾ ಅದನ್ನ?"

"ಕೇಳಿಲ್ಲಲ್ಲ. ಮತ್ತ ಸುಮ್ಮನಿರು. ನಾ ಓಡಂಗಿಲ್ಲ. ನಡದ ಆಡ್ತೀನಿ."

ಅಪ್ಪ ಸೀಟಿ ಊದಿದ. ಯಾಕೆಂದು ಯಾರೂ ಕೇಳಲಿಲ್ಲ.

ಅವ್ವ ಬಗ್ಗಿ ವಿನೀತನ ಹೆಗಲ ಮೇಲೆ ಕೈ ಹಾಕಿದಳು. ಅವನು ಅವಳ ಸೊಂಟ ಹಿಡಿದುಕೊಂಡ. ಇಬ್ಬರೂ ಗಿಡದ ಹಿಂದೆ ಹೋಗಿ ಬಹಳ ಹೊತ್ತು ಗುಸುಗುಸು ಮಾತಾಡಿ ಬಂದರು.

"ಶಾವಿಗಿ ಬೇಕೋ ಸಂಡಿಗಿ ಬೇಕೋ?" ವಿನೀತ ಎದೆಯುಬ್ಬಿಸಿ ಕೇಳಿದ.

"ಸಂಡಿಗಿ," ಎಂದಳು ಮಾನಸಿ.

ವಿನೀತ ಒಂದು ಹೆಜ್ಜೆ ಮುಂದಿಟ್ಟು ನಿಂತ. ಅವ್ವನ ಕಡೆ ನೋಡಿದ. "ಅಜ್ಜಿ, ನಾ ಶಾವಿಗಿನೋ ಸಂಡಿಗಿನೋ?"

"ನನಗೂ ಮರತತಪಾ," ಎಂದಳು ಅವ್ವ. ಇಬ್ಬರೂ ಮತ್ತೆ ಗಿಡದ ಹಿಂದೆ ಹೋದರು. ಕೌಸ್ತುಭ ನಗುತ್ತ ನೆಲದ ಮೇಲೆ ಉರುಳಾಡಿದ. ಎರಡನೆಯ ಸಲ ಬಂದು ಕೇಳಿದಾಗ ಅವ್ವ ಮಾನಸಿಯ ಕಡೆಗೆ ಹೋದಳು. ವಿನೀತ ವಿಶಾಲನ ಕಡೆಗೆ.

ಮೊದಲು ಮಾನಸಿಯ ಪಾರ್ಟಿಯ ಸರದಿ. ಮಾನಸಿ ಚೆಂಡು ಎಸೆದು ಲಗೋರಿ ಕೆಡವಿದಳು. ಕಲ್ಲುಗಳು ಚೆಲ್ಲಿಹೋದವು. ಅವ್ವ ನಿಧಾನ ನಡೆದು ಹೋಗಿ ಒಂದು ಕಲ್ಲನ್ನು ಕಾಲಿನಿಂದ ಸರಿಸುತ್ತ ನಿಂತಳು. ವಿಶಾಲನ ಕೈಗೆ ಚೆಂಡು ಸಿಕ್ಕಿತು. ಅವ್ವ ಅವನೆದುರಿಗೇ ಇದ್ದಾಳೆ, ಕೈ ಚಾಚಿದರೆ ಮುಟ್ಟುವಷ್ಟು. ಅವನು ಒಮ್ಮೆ ಅವ್ವನನ್ನು ನೋಡಿ, ಚೆಂಡನ್ನು ದೂರದಲ್ಲಿ ಓಡುತ್ತಿದ್ದ ಕೌಸ್ತುಭನ ಕಡೆ ಎಸೆದ. ಅದು ತಪ್ಪಿ ಬೇಲಿಯ ಕಡೆ ಹೋಯಿತು.

"ವಿಶಾಲ, ನಾ ಇಲ್ಲೇ ನಿಂತೇನಲ್ಲಪಾ. ಕಾಣಸ್ಲಿಲ್ಲೇನು?"

"ಇಲ್ರಿ ಅಜ್ಜಿ, ಕೈ ಜಾರಿತ್ರಿ."

ದಾಕ್ಷಾಯಿಣಿಯ ಕೈಗೆ ಚೆಂಡು ಬಂತು. ಅವಳೂ ಅವ್ವನನ್ನು ಬಿಟ್ಟು ಮಾನಸಿಗೆ ಎಸೆದಳು. ಅಷ್ಟರಲ್ಲಿ ಅವ್ವ ಒಂದರ ಮೇಲೊಂದು ಕಲ್ಲಿಟ್ಟು ಮುಗಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಲಿಂದ, "ವಾ ಅವ್ವಾ ವಾ," ಎಂದ. ಕಿಟಕಿಯ ಒಳಗಿನಿಂದ ನಾನೂ ಹಿಟ್ಟಿನ ಕೈಯಿಂದಲೇ ಚಪ್ಪಾಳೆ ತಟ್ಟಿದೆ.

ಅವ್ವ ನಗಲಿಲ್ಲ. ವಿನೀತ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ. ಮೆಲ್ಲಗಾದರೂ ಎಲ್ಲರಿಗೂ ಕೇಳಿಸಿತು.

"ಅಜ್ಜಿ, ನೀನೂ ಲಿಂಬು."

ಮಿಲಿಂದ ನಗಲು ಬಾಯಿ ತೆರೆದವನು ಹಾಗೇ ನಿಂತ. ಅವ್ವ ವಿನೀತನನ್ನೇ ನೋಡುತ್ತಿದ್ದಳು. ಇಬ್ಬರ ನಡುವೆ ಏನು ನಡೆಯಿತೋ, ನನಗೆ ಕಿಟಕಿಯಿಂದ ಕಂಡದ್ದು ಇಷ್ಟೇ: ಅವ್ವ ಒಮ್ಮೆ ತಲೆ ಆಡಿಸಿದಳು, ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಈಗ ವಿಶಾಲನ ಪಾರ್ಟಿಯ ಸರದಿ. ಕಲ್ಲು ಬಿದ್ದವು. ವಿನೀತ ಎಲ್ಲರಿಗಿಂತ ಮುಂದೆ ಓಡಿ ಕಲ್ಲು ಎತ್ತಿದ. ಚೆಂಡು ಕೌಸ್ತುಭನ ಕೈಯಲ್ಲಿತ್ತು. ಅವನು ಅದನ್ನು ವಿನೀತನ ಪಕ್ಕಕ್ಕೆ, ಹೂವು ಎಸೆದಂತೆ ಎಸೆದ. ಚೆಂಡು ಉರುಳಿ ಅವ್ವನ ಕಾಲ ಬಳಿ ನಿಂತಿತು.

ಅವ್ವ ಆ ಚೆಂಡನ್ನು ಬಗ್ಗಿ ಎತ್ತಿಕೊಂಡಳು. ಜನವರಿಯಿಂದ ಅವಳು ನೆಲದ ಮೇಲಿನದನ್ನು ಹಾಗೆ ತಾನೇ ಎತ್ತಿದ್ದನ್ನು ನಾನು ನೋಡಿರಲಿಲ್ಲ. ನೆಟ್ಟಗಾಗಿ, ಕೈ ಹಿಂದಕ್ಕೆ ಒಯ್ದು, ಬೀಸಿ ಎಸೆದಳು.

ರಬ್ಬರ್ ಚೆಂಡು ವಿನೀತನ ಬೆನ್ನಿಗೆ ದಪ್ಪೆಂದು ಬಡಿದ ಸಪ್ಪಳ ಅಡಿಗೆಮನೆಗೂ ಕೇಳಿಸಿತು. ಅವನು ಮುಂದಕ್ಕೆ ಮುಗ್ಗರಿಸಿ ಬಿದ್ದ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ.

"ಔಟ್," ಎಂದಳು ಅವ್ವ.

ಅಪ್ಪ ಸೀಟಿಯನ್ನು ಬಾಯಿಯಿಂದ ತೆಗೆದು, "ಯಾರು ಔಟ್?" ಎಂದ.

"ಯಾರೂ ಇಲ್ಲ ಅಜ್ಜಾ. ಅಂವ ಲಿಂಬು," ಎಂದ ಕೌಸ್ತುಭ.

"ಅಂವಗ ಜೋಡಿ ಅದ. ಜೋಡಿ ಇದ್ದಾಂವ ಹೆಂಗ ಲಿಂಬು ಆಗ್ತಾನ?" ಎಂದಳು ಅವ್ವ. ನನ್ನ ಕಡೆ ಅವಳು ನೋಡಲೇ ಇಲ್ಲ.

ವಿನೀತ ಎದ್ದ. ಮೊಣಕಾಲು ತರಚಿತ್ತು, ಕಣ್ಣಲ್ಲಿ ನೀರಿತ್ತು. "ನಾ ಔಟ್," ಎಂದ. "ಅಜ್ಜಾ, ಸೀಟಿ ಊದು. ನಾ ಔಟ್ ಆಗೇನಿ."

ಅಪ್ಪ ಊದಿದ. ವಿನೀತ ಔಟ್ ಆದವರು ಕೂರುವ ಕಲ್ಲಿನ ಬೆಂಚಿನ ಕಡೆ ನಡೆದ. ಆ ಬೆಂಚಿನ ಮೇಲೆ ಆಟದ ನಡುವೆ ಅವನು ಕುಳಿತದ್ದು ಅದೇ ಮೊದಲು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಸಾಲೆಯ ಗ್ರೂಪ್ ಫೋಟೋಕ್ಕೆ ಕುಳಿತವರ ಹಾಗೆ ಕುಳಿತ. ನಾನು ಹತ್ತಿರ ಹೋಗಿ ಅಂಗಿ ಎತ್ತಿ ನೋಡಿದೆ. ಬೆನ್ನ ಮೇಲೆ ಕೆಂಪು ದುಂಡನೆಯ ಗುರುತು.

"ನೋಯ್ತದೇನೋ?"

"ಭಾಳ ನೋಯ್ತದ," ಎಂದ, ಹೆಮ್ಮೆಯಿಂದ. ಆಮೇಲೆ ನನ್ನ ಕೈ ಸರಿಸಿದ. "ಅಮ್ಮಾ, ನೀ ಒಳಗ ಹೋಗು. ಆಟ ನಡದದ."

ನಾನು ಒಳಗೆ ಹೋಗಲಿಲ್ಲ. ಅವ್ವನಿಗೆ ಏನಾದರೂ ಅನ್ನಬೇಕೆಂದಿತ್ತು. ಆರು ವರ್ಷದ ಕೂಸಿಗೆ ಅಷ್ಟು ಜೋರಾಗಿ ಹೊಡೆಯುತ್ತಾರೆಯೇ? ಆದರೆ ಕೂಸು ಬೆಂಚಿನ ಮೇಲೆ ಎದೆಯುಬ್ಬಿಸಿ ಕುಳಿತಿತ್ತು. ನನಗೆ ಸಿಟ್ಟು ಬಂದಿದೆಯೋ, ಅಳು ಬಂದಿದೆಯೋ, ನಗು ಬಂದಿದೆಯೋ ತಿಳಿಯದೆ ಕೈಯ ಹಿಟ್ಟನ್ನು ಉಜ್ಜುತ್ತ ಮಾವಿನ ಗಿಡದ ಕೆಳಗೆ ನಿಂತೆ.

ಮತ್ತೆ ಮಾನಸಿಯ ಪಾರ್ಟಿಯ ಸರದಿ ಬಂತು. ಚೆಂಡು ಹಿಡಿಯಲು ವಿನೀತನೂ ಬೆಂಚಿನಿಂದ ಎದ್ದು ಬಂದ. ಕಲ್ಲು ಬಿದ್ದವು. ಅವ್ವ ಮತ್ತೆ ನಡೆದು ಹೋಗಿ ಕಲ್ಲಿನ ಬಳಿ ನಿಂತಳು, ಬೆನ್ನು ನಮ್ಮ ಕಡೆಗೆ. ಈ ಸಲ ಚೆಂಡು ಪುಟಿದು ನೇರವಾಗಿ ವಿನೀತನ ಕೈಗೆ ಬಂತು. ಅವನು ಎರಡೂ ಕೈಯಿಂದ ಅದನ್ನು ಎದೆಗೊತ್ತಿ ಹಿಡಿದ.

"ವಿನೀತ, ಅಜ್ಜಿಗೆ ಬ್ಯಾಡೋ. ಕಾಲಿನ ಆಪರೇಷನ್ ಆಗೇದ ಅವರದು," ಎಂದು ಮಿಲಿಂದ ಕಟ್ಟೆಯಿಂದ ಇಳಿದ.

ವಿನೀತ ನನ್ನ ಕಡೆ ನೋಡಿದ. ‘ಬ್ಯಾಡ’ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅದು ಹೋಗಲಿ, ‘ಮೆತ್ತಗ’ ಎಂದಾದರೂ ಅನ್ನಬೇಕು ಎನಿಸಿತು. ಅವ್ವ ಕಲ್ಲು ಇಡುವುದನ್ನು ನಿಲ್ಲಿಸಿದ್ದಳು. ತಿರುಗಿ ನೋಡಲಿಲ್ಲ, ಸರಿದು ನಿಲ್ಲಲೂ ಇಲ್ಲ. ಆ ಬೆನ್ನು ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದ ಹಾಗಿತ್ತು.

ನಾನು ಮಿಲಿಂದನ ತೋಳು ಹಿಡಿದುಕೊಂಡೆ, ಅಷ್ಟೇ.

ವಿನೀತ ಎಸೆದ. ಚೆಂಡು ಅವ್ವನ ಹೆಗಲಿಗೆ ಬಡಿದು ಪುಟಿಯಿತು.

"ಅಜ್ಜಿ ಔಟ್," ಎಂದ ಅವನು.

ಅವ್ವ ಹೆಗಲು ಉಜ್ಜಿಕೊಂಡಳು. ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಹಾಕಿದಳು. ಮಿಲಿಂದ ನನ್ನ ಕೈ ಬಿಡಿಸಿಕೊಂಡು ಹೋಗಿ ಕೈ ಚಾಚಿದರೆ, "ಔಟ್ ಆದವರು ತಾವ ಹೋಗಬೇಕಪಾ, ಯಾರೂ ಕರಕೊಂಡು ಹೋಗೂದಿಲ್ಲ," ಎನ್ನುತ್ತ ಒಬ್ಬಳೇ ನಡೆದು ಹೋಗಿ ಕಲ್ಲಿನ ಬೆಂಚಿನ ಮೇಲೆ ಕುಳಿತಳು. ಕಾಲು ಮುಂದಕ್ಕೆ ಚಾಚಿದಳು. ಅವಳ ಮುಖ ನೋಡಿ ಕೌಸ್ತುಭ ನನ್ನನ್ನು ಕೇಳಿದ, "ಅತ್ಯಾ, ಅಜ್ಜಿ ಔಟ್ ಆಗಿ ಯಾಕ ನಗ್ಲಿಕ್ಕತ್ತಾಳ?"

"ಯಾರಿಗೆ ಗೊತ್ತೋ," ಎಂದೆ. ಖರೆಯೇ, ಸರಿಯಾಗಿ ಗೊತ್ತಿರಲಿಲ್ಲ.

ಆ ದಿನ ವಿನೀತನ ಪಾರ್ಟಿ ಸೋತಿತು. ಅವನು ಎರಡು ಸಲ ಸೀಕರಣಿ ಹಾಕಿಸಿಕೊಂಡ. ಊಟವಾದ ಮೇಲೆ ನಾನು ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಬಟ್ಟಲಿನಲ್ಲಿ ತಂದು ಅವನ ಅಂಗಿ ಎತ್ತಿದೆ. ಅವನು ಹೊರಳಿ ಗೋಡೆಗೆ ಬೆನ್ನು ಹಚ್ಚಿದ.

"ಹಚ್ಚಬ್ಯಾಡಮ್ಮಾ. ಗುರ್ತು ಹೋಗ್ತದ. ನಾಳೆ ಎಲ್ಲಾರಿಗೂ ತೋರಸ್ತೀನಿ."

ಬಟ್ಟಲು ಹಿಡಿದು ನಿಂತಿದ್ದೆ. ಆಚೆ ಹಾಸಿಗೆಯಲ್ಲಿ ಅವ್ವ ಆಗಲೇ ಕುಪ್ಪಸದ ಹೆಗಲು ಸರಿಸಿಕೊಂಡು ಕಾಯುತ್ತಿದ್ದಳು.

"ಇಲ್ಲಿ ತಾ," ಎಂದಳು. "ನನಗ ಹಚ್ಚು. ಭೇಷಿ ಬಡದಾನ ನಿನ್ನ ಮಗ."

ನಾನು ಪಕ್ಕದಲ್ಲಿ ಕುಳಿತು ಎಣ್ಣೆ ಹಚ್ಚಿದೆ. ಅವಳ ಹೆಗಲು ಇಷ್ಟು ತೆಳ್ಳಗಾಗಿದೆಯೆಂದು ಗೊತ್ತಿರಲಿಲ್ಲ. ಹಗುರವಾಗಿ ಸವರಿದೆ.

"ಒತ್ತಿ ತಿಕ್ಕು. ಮುರಿಯೂದಿಲ್ಲ," ಎಂದಳು ಅವ್ವ. ಆಮೇಲೆ, "ಮುಂಜಾನಿ ಸಂಡಿಗಿ ಹಿಟ್ಟು ನಾ ತಿರವಾಕಿ," ಎಂದಳು.

ಒತ್ತಿ ತಿಕ್ಕಿದೆ. "ದೊಡ್ಡ ಸೌಟು ಒಲೀ ಹತ್ರನ ಅದ," ಎಂದೆ.