ಬೈಸಿಕೊಳ್ಳಾಕ ಒಬ್ಬಾಂವ

ದುರುಗೇಶನ ಬಾಯಿಗೆ ಸಿಕ್ಕ ದೇವರು ಯಾವನೂ ಹಸನಾಗಿ ತಿರುಗಿ ಹೋದವನಲ್ಲ. ಬ್ಯಾಡಗಿಯ ತನ್ನ ಪಂಕ್ಚರ್ ಅಂಗಡಿಗೆ ಲಿಂಬಿಹಣ್ಣು ಕಟ್ಟಿದ ಗಾಡಿ ಬಂತೆಂದರೆ ಮುಗೀತು: "ಬಿಚ್ಚಿ ಶರಬತ್ ಮಾಡ್ಕೊಂಡು ಕುಡೀರಿ, ಹೊಟ್ಟಿಗರೆ ತಂಪಾಗ್ತತಿ!" ಗಿರಾಕಿ ಮುಂದಿನ ಪಂಕ್ಚರಿಗೆ ಬೇರೆ ಅಂಗಡಿ ಹುಡುಕುತ್ತಿದ್ದ.

ಅದೆಲ್ಲ ನಡೆಯುತ್ತಿತ್ತು. ಆದರೆ ಅವನ ಜೀವ ಇದ್ದದ್ದು ಪ್ರಿಯಾಂಕಾಳ ಮೇಲೆ. ಪ್ರಿಯಾಂಕಾಳ ಅವ್ವ ಗುತ್ತೆವ್ವನ ಜೀವ ಇದ್ದದ್ದು ಕದರಮಂಡಲಗಿ ಹನುಮಪ್ಪನ ಮೇಲೆ. ಶನಿವಾರ ಗುಡಿಗೆ ಹೋಗುವುದು ತಪ್ಪಿಸಿದವಳೇ ಅಲ್ಲ.

ಹೆಣ್ಣು ಕೇಳಲು ದುರುಗೇಶ ನೆಟ್ಟಗೆ ಮೆಣಸಿನಕಾಯಿ ಗೋದಾಮಿಗೇ ಹೋದ. ಕೆಂಪು ರಾಶಿಯ ಸುತ್ತ ಹೆಂಗಸರು ತೊಟ್ಟು ಮುರಿಯುತ್ತ ಕುಂತಿದ್ದರು, ನಡುವೆ ಗುತ್ತೆವ್ವ, ಪ್ರಿಯಾಂಕಾ.

"ಯವ್ವಾ, ಪ್ರಿಯಾಂಕಾನ್ನ ನನಗ ಕೊಡ್ರಿ."

"ದೇವ್ರಿಲ್ಲ ಅನ್ನಾಂವಗ ಹೆಂಗ ಕೊಡ್ಲೋ?" ಎಂದಳು ಗುತ್ತೆವ್ವ.

"ಇಲ್ಲ ಅಂದ್ರ ಇಲ್ರಿ! ಆ ಕಲ್ಲು ಒಂದಿನಾರ ನಿಮ್ಮ ಜೋಡಿ ಮಾತಾಡೈತೇನು?"

"ಆಡಂಗಿಲ್ಲ, ಅದಕ್ಕ ಹೋಗ್ತೇನಿ. ಗಂಡ ಸತ್ತಿದ್ದು, ಮಾಳಗಿ ಸೋರೋದು, ಮಾಲಕನ ಕಿರಿಕಿರಿ, ಎಲ್ಲಾ ಅವಗ ಬೈತೇನಿ. ಕಮಕ್ ಕಿಮಕ್ ಅನ್ನದ ಕೇಳ್ತಾನ. ಹಗೂರಾಗಿ ಬಂದು ಉಣ್ತೇನಿ. ನೀ ಅವನ್ನ ಕಸಗೊಂತಿ. ಆಮ್ಯಾಲ ನಾ ಯಾರಿಗೆ ಬೈಲಿ? ನಿನ್ನ ಗಾಳಿ ಪಂಪಿಗೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದುರುಗೇಶನ ಕಿವಿ ಬಿಸಿಯಾದವು.

"ಈ ಶನಿವಾರ ಹನುಮಪ್ಪನ ಬದ್ಲಿ ನನಗ ಬೈರಿ!"

"ನಿನಗೊಂದು ಬೈದ್ರ ನೀ ತಿರುಗಿ ಹತ್ತು ಬೈತಿ."

"ನಾ ತಿರುಗಿ ಒಂದು ಮಾತು ಆಡಿದ್ರೂ ಪ್ರಿಯಾಂಕಾನ ಹೆಸರು ಎತ್ತಂಗಿಲ್ಲ."

ಪ್ರಿಯಾಂಕಾ ಹಣೆ ಬಡಿದುಕೊಂಡಳು. ಚಹಾ ಕುಡಿಯುವಾಗಲೂ ಸುಮ್ಮನಿರದ ಗಂಡು ಅದು.

ಶನಿವಾರ ಬಂತು. ದುರುಗೇಶ ಗೋದಾಮಿನಲ್ಲಿ ಚೀಲದ ಒಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕುಂತ. ಗುತ್ತೆವ್ವ ಸೆರಗು ಸಿಗಿಸಿ ಶುರು ಮಾಡಿದಳು. "ಕಣ್ಣು ಕಾಣೋದಿಲ್ಲೇನು ನಿನಗ? ಅಂಥಾ ಗಂಡನ್ನ ಯಾಕ ಕಸಗೊಂಡಿ, ಮೂಳಾ?" ಗಂಡ ಮುಗಿದ, ಮಾಳಗಿ ಬಂತು. ದುರುಗೇಶ ಹಲ್ಲು ಕಚ್ಚಿದ. ಅಷ್ಟರಲ್ಲಿ ಪಕ್ಕದ ಸುರೇಖಾ, "ತಡಿಯವ್ವ, ನಂದೂ ಒಂದೀಟು ಐತಿ" ಎಂದು ಮುಂದೆ ಬಂದಳು. "ಎಷ್ಟು ತೆಂಗಿನಕಾಯಿ ಒಡಿಸಿದ್ನೋ ನಿನಗ, ಒಂದು ಮೊಮ್ಮಗನ್ನ ಕೊಡ್ಲಿಲ್ಲಲ್ಲೋ!"

ಕಾಯಿ ಒಡೆದರೆ ಮೊಮ್ಮಗ ಹುಟ್ಟುತ್ತಾನೇನು ಎಂಬ ಮಾತು ದುರುಗೇಶನ ಗಂಟಲತನಕ ಬಂತು. ನುಂಗಿದ. ಕಣ್ಣಲ್ಲಿ ನೀರೇ ಬಂತು. ಅದನ್ನು ಕರುಣೆ ಎಂದುಕೊಂಡ ಸುರೇಖಾ ಕೈಮುಗಿದು ಕುಂತಳು.

ಗುತ್ತೆವ್ವ ಹಗೂರಾಗಿ ಉಸಿರು ಬಿಟ್ಟಳು. ಹನುಮಪ್ಪನನ್ನು ಕೇಳುವ ವಾಡಿಕೆಯಂತೆ ಕಡೆಗೆ ಕೇಳಿಯೂ ಬಿಟ್ಟಳು: "ಈಗ ಹೇಳಪಾ, ನನ್ನ ಮಗಳ್ನ ಆ ಪಂಕ್ಚರ್ ಹುಡುಗಗ ಕೊಡ್ಲೋ ಬ್ಯಾಡೋ?"

ಆಗಲೇ ಮೆಣಸಿನಕಾಯಿಯ ಘಾಟು ದುರುಗೇಶನ ಮೂಗಿಗೇರಿ, "ಆಕ್ಷೀ!"

ತೊಟ್ಟು ಮುರಿಯುವ ಕೈಗಳೆಲ್ಲ ನಿಂತವು.

"ಒಂಟಿ ಸೀನು! ಅಪಶಕುನ!" ಎಂದಳು ಸುರೇಖಾ.

"ತಡೀರಿ, ಜೋಡಿ ಬಂದ್ರ ಶುಭ" ಎಂದಳು ಗುತ್ತೆವ್ವ. ಎಲ್ಲರ ಕಣ್ಣೂ ದುರುಗೇಶನ ಮೂಗಿನ ಮೇಲೆ.

ಮೂಗಿಗೆ ಧೂಳು ಹೋದರೆ ಸೀನು ಬರುತ್ತದೆ, ಶಕುನ ಎಲ್ಲಿಂದ ಬಂತು ಎಂದು ಒದರಬೇಕು. ಒದರಿದರೆ ಪ್ರಿಯಾಂಕಾ ಹೋದಳು. ಊರಿನ ಲಿಂಬಿಹಣ್ಣೆಲ್ಲ ಬಿಚ್ಚಿಸಿದ ಗಂಡಸು ಒಂದು ಮೆಣಸಿನಕಾಯಿ ಮುರಿದು ಮೂಗಿಗೆ ತಿಕ್ಕಿಕೊಂಡ. ಆದರೆ ಬ್ಯಾಡಗಿ ಕಾಯಿ, ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಮೂಗು ಕೆಂಪಾಯಿತು, ಸೀನು ಬರಲಿಲ್ಲ. ಇನ್ನೊಂದು ತಿಕ್ಕಿದ. ಊಹೂಂ.

ಪ್ರಿಯಾಂಕಾಗೆ ತಡೆಯಲಾಗಲಿಲ್ಲ. ಎದ್ದು ಒಂದು ಖಾಲಿ ಚೀಲ ಎತ್ತಿ ಅವನ ತಲೆಯ ಮೇಲೆ ಝಾಡಿಸಿದಳು. ಗೋದಾಮೆಲ್ಲ ಕೆಂಪು ಧೂಳು. ದುರುಗೇಶ ಸೀನಿದ, ಗುತ್ತೆವ್ವ ಸೀನಿದಳು, ಸುರೇಖಾ ಸೀನಿದಳು, ಬಾಗಿಲಲ್ಲಿ ಮಲಗಿದ್ದ ನಾಯಿಯೂ ಸೀನಿ ಎದ್ದು ಹೋಯಿತು.

"ಜೋಡಿ ಆತೇನ?" ಎಂದಳು ಗುತ್ತೆವ್ವ.

"ಯಾರಿಗ್ಗೊತ್ತವ್ವ, ಬಾಳ ಆದ್ವು!" ಎಂದಳು ಸುರೇಖಾ.

ಗುತ್ತೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟು ವರ್ಷ ಬೈದ್ನಿ, ಹನುಮಪ್ಪ ಒಮ್ಮೆರೆ ಸೀನಲಿಲ್ಲ ನೋಡು. ಇಂವ ಅಡ್ಡಿಯಿಲ್ಲ. ಕೊಡ್ತೇನಿ. ಮುಂದಿನ ಶನಿವಾರ ಲಗೂ ಬಾರೋ, ಮಾಲಕಂದು ಬೈಯೋದು ಉಳದೈತಿ."

ಶಕುನ ಅನ್ನೋದೆಲ್ಲ ಸುಳ್ಳು ಎಂದು ಹೇಳಲು ದುರುಗೇಶ ಬಾಯಿ ತೆರೆದ.

ಪ್ರಿಯಾಂಕಾ ಇನ್ನೊಂದು ಚೀಲಕ್ಕೆ ಕೈ ಹಾಕಿದಳು.

ಮುಚ್ಚಿದ.