ಒಂದಿನಾನೂ ಒದ್ದಿಲ್ಲ

"ಕಣ್ಣು ಕುಂಡೀಲಿಟ್ಕೊಂಡು ಕೂತಿದ್ಯೇನೇ ಮುಂಡೆ? ಇದು ಹೊಲಿಗೇನಾ, ನಾಯಿ ಕಚ್ಚಿದ ಗಾಯಾನಾ?"

ಮೇಸ್ತ್ರಿ ಎಸೆದ ಚೆಂಡು ಅವಳ ಭುಜಕ್ಕೆ ಬಡಿದು ಶೆಡ್ಡಿನ ಮೂಲೆಗೆ ಉರುಳಿತು. ಉಳಿದ ಹೆಂಗಸರು ತಲೆ ಎತ್ತಲಿಲ್ಲ. ಎಲ್ಲರ ಮೊಣಕಾಲುಗಳ ನಡುವೆ ಮರದ ಇಕ್ಕಳ, ಇಕ್ಕಳದ ಬಾಯಲ್ಲಿ ಚೆಂಡಿನ ಎರಡು ತುಂಡು, ಎರಡೂ ಕೈಯಲ್ಲಿ ಒಂದೊಂದು ಸೂಜಿ. ಅವಳು ಎದ್ದು ಹೋಗಿ ಚೆಂಡು ತಂದಳು. ಸಡಿಲ ಬಿಟ್ಟಿದ್ದ ಆ ಸಾಲು ಅವಳದ್ದಲ್ಲ, ಮನೆಗೆ ಒಯ್ದಾಗ ಮಗಳು ಹಾಕಿದ್ದು. ಹೇಳುವ ಹಾಗಿರಲಿಲ್ಲ. ಹೇಳದೆಯೂ ಮೇಸ್ತ್ರಿಗೆ ಗೊತ್ತಿತ್ತು.

"ಹೊಲಿಗೆ ಮನೆ ಹಾಳಾಗ್ಲಿ," ಎಂದು ಅವನು ಹತ್ತಿರ ಬಂದು ಕುಕ್ಕರಿಸಿದ. "ನಿನ್ ಮಗಳು ಸ್ಕೂಲಲ್ಲಿ ಏನ್ ಗೀಚಿದಾಳೆ, ಗೊತ್ತಾ?"

"ನಂಗೆಲ್ಲಿ ಓದೋಕೆ ಬರತ್ತಣ್ಣ."

"ಗೋಡೆಗೆ ಬೇರೆ ಅಂಟಿಸಿದಾರೆ! ನಾಳಿದ್ದು ಧಣಿಗಳು ಸ್ಕೂಲಿಗೆ ಚೆಂಡು ದಾನ ಕೊಡೋಕೆ ಬರ್ತಾರೆ, ಜೊತೇಲಿ ಚೆಂಡು ಕೊಳ್ಳೋ ಹೊರದೇಶದವ್ರು. ಅದು ಅವರ ಕಿವಿಗೆ ಬಿದ್ರೆ ಶೆಡ್ಡಿಗೆ ಬೀಗ. ಇಷ್ಟೂ ಜನರ ಬಾಯಿಗೆ ಮಣ್ಣು. ನಾಳೆ ಸ್ಕೂಲಿಗೆ ಬಂದು ಅದೆಲ್ಲ ಸುಳ್ಳು ಅಂತ ಹೇಳು."

ಈಗ ಇಪ್ಪತ್ತು ತಲೆಗಳೂ ಎದ್ದು ಅವಳನ್ನೇ ನೋಡಿದವು.

ಮಗಳು ಮೂರನೇ ಕ್ಲಾಸು. ಒಣಗಿದ ಮೈ, ಅದಕ್ಕೇ ಓಣಿಯವರ ಬಾಯಲ್ಲಿ 'ಕಡ್ಡಿ'. ಹೋದ ವರ್ಷದವರೆಗೂ ಪುಸ್ತಕ ಬಿಚ್ಚಿದರೆ ತೂಕಡಿಸುತ್ತಿದ್ದಳು. ಆಮೇಲೆ ಹೊಸ ಟೀಚರ್ ಬಂದರು. ಹಳೆಯದೊಂದು ಫುಟ್‌ಬಾಲ್ ತಂದು, ಅದರ ಒಂದೊಂದು ತುಂಡಿನ ಮೇಲೂ ಒಂದೊಂದು ಅಕ್ಷರ ಬರೆದು ಮಕ್ಕಳ ನಡುವೆ ಎಸೆದರು. ಹಿಡಿದವರ ಬಲಗೈ ಹೆಬ್ಬೆರಳ ಕೆಳಗೆ ಯಾವ ಅಕ್ಷರ ಬಿತ್ತೋ ಅದನ್ನು ಓದಬೇಕು, ಅದರಿಂದ ಒಂದು ಮಾತು ಕಟ್ಟಿ ಬರೆಯಬೇಕು. ಅಕ್ಷರ ಕಂಡರೆ ಓಡುತ್ತಿದ್ದ ಮಕ್ಕಳು ಅಕ್ಷರದ ಹಿಂದೆ ಓಡತೊಡಗಿದರು. ಮೊದಲ ದಿನ ಚೆಂಡು ಕಡ್ಡಿಯ ಕೈಗೆ ಬಂತು. ಅವಳಿಗೆ ಅಕ್ಷರ ಗೊತ್ತಾಗಲಿಲ್ಲ. "ಟೀಚರ್, ಇದ್ರಲ್ಲಿ ಮೂವತ್ತೆರಡು ತುಂಡು. ಆರು ಮೂಲೇದು ಇಪ್ಪತ್ತು, ಐದು ಮೂಲೇದು ಹನ್ನೆರಡು," ಎಂದಳು. ಟೀಚರ್ ಎಣಿಸಿ ನೋಡಿದರೆ ಲೆಕ್ಕ ಸರಿ. ವರ್ಷ ತಿರುಗುವುದರೊಳಗೆ ಹುಡುಗಿ ಸೋಪಿನ ಕಾಗದ, ಬಸ್ಸಿನ ಬೋರ್ಡು, ಒಂದನ್ನೂ ಬಿಡದೆ ಓದುತ್ತಿದ್ದಳು. "ಚೆಂಡಿನ ವಿಷಯ ನಿಂಗೆ ಗೊತ್ತಿರೋದು ಇಲ್ಲಿ ಯಾರಿಗೂ ಗೊತ್ತಿಲ್ಲ. ಬರಿ," ಎಂದಿದ್ದರು ಟೀಚರ್. ಬರೆದಿದ್ದಳು.

ಮರುದಿನ ಕ್ಲಾಸಿನಲ್ಲಿ ಹೆಡ್‌ಮಾಸ್ಟರು, ಮೇಸ್ತ್ರಿ, ಬಾಗಿಲ ಬಳಿ ತಾಯಿ. ಗೋಡೆಯ ಹಾಳೆಗೆ ಬೆನ್ನು ಕೊಟ್ಟು ಟೀಚರ್ ನಿಂತಿದ್ದರು.

"ಓದೇ, ಕೇಳೋಣ ನಿನ್ ಪುರಾಣ," ಎಂದ ಮೇಸ್ತ್ರಿ.

ಟೀಚರ್ ಪಕ್ಕಕ್ಕೆ ಸರಿದರು. ಕಡ್ಡಿ ತಾಯಿಯ ಮುಖ ನೋಡಿದಳು. ಆಮೇಲೆ ಎಲ್ಲೂ ತಡವರಿಸದೆ ಓದಿದಳು:

"ನಮ್ಮಮ್ಮ ಚೆಂಡು ಹೊಲೀತಾಳೆ. ನಾನು ಸಂಜೆ ಐದು ಮೂಲೆ ತುಂಡು ಹೊಲೀತೀನಿ. ಬೆರಳು ಬಾತಾಗ ಪೆನ್ಸಿಲ್ ಹಿಡಿಯೋಕಾಗಲ್ಲ. ನಮ್ಮನೇಲಿ ದಿನಾ ಚೆಂಡು ಇರತ್ತೆ. ನಾನು ಒಂದಿನಾನೂ ಒದ್ದಿಲ್ಲ."

ಮಗಳು ತಾನೇ ಬರೆದದ್ದನ್ನು ಓದುವುದನ್ನು ಅವಳು ಕಿವಿಯಾರೆ ಕೇಳಿದ್ದು ಅದೇ ಮೊದಲು.

"ಮಗು ಸುಳ್ಳು ಬರ್ದಿಲ್ಲ ಅಲ್ವೇನಮ್ಮ?" ಟೀಚರ್ ಕೇಳಿದರು.

"ನೀವು ಬಾಯ್ಮುಚ್ಕೊಳ್ಳಿ ಮೇಡಂ," ಎಂದರು ಹೆಡ್‌ಮಾಸ್ಟರು. "ಪಾಠ ಬಿಟ್ಟು ಚೆಂಡಾಟ ಆಡಿಸಿದ್ದಕ್ಕೇ ಇಷ್ಟೆಲ್ಲ."

ಮೇಸ್ತ್ರಿ ಕೆಮ್ಮಿದ.

"ಸುಳ್ಳು ಸಾರ್," ಎಂದಳು ಅವಳು. "ಈ ಮುಂಡೇದು ಹುಟ್ಟಾ ಸುಳ್ಳಿ." ಮುಂದೆ ಹೋಗಿ ಹಾಳೆ ಕಿತ್ತು ಹರಿದಳು. ಕಡ್ಡಿ ಅಳಲಿಲ್ಲ. ದಾರ ಕೊಯ್ದ ಬೆರಳುಗಳನ್ನು ಯಾರಿಗೂ ಕಾಣದ ಹಾಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಮ್ಮನ ಸುಳ್ಳು ಬಯಲಾಗದಿರಲಿ ಎಂದು.

ಆ ಸಂಜೆ ಹುಡುಗಿ ತಾನಾಗಿಯೇ ಇಕ್ಕಳ ಎಳೆದುಕೊಂಡು ಕೂತಳು.

"ಇವತ್ತು ಬೇಡ ಪುಟ್ಟಿ. ಓದ್ಕೋ ಹೋಗು."

"ಸುಳ್ಳಿ ಓದಿ ಏನ್ಮಾಡ್ಬೇಕು?"

ಊಟಕ್ಕೆ ಕೂತಿದ್ದ ತಾಯಿಯ ಕೈ ತಟ್ಟೆಯಲ್ಲೇ ಉಳಿಯಿತು. ಬೈಗುಳ ತಿಂದು ತಿಂದು ಅವಳಿಗೆ ಅಭ್ಯಾಸ, ಆದರೆ ಮೇಸ್ತ್ರಿಯ ಬಾಯಿಂದ ಉದುರಿದ್ದನ್ನೇ ಎತ್ತಿ ಮಗಳ ಮುಖಕ್ಕೆ ಎರಚಿದ್ದಳಲ್ಲ, ಅದು ಬಾಯಿ ತೊಳೆದರೂ ಹೋಗಲಿಲ್ಲ.

ಧಣಿಗಳು ಬಂದರು. ಜೊತೆಗೆ ಬಂದಿದ್ದ ಬಿಳಿ ಅಂಗಿಯ ಇಬ್ಬರು ಎಲ್ಲಕ್ಕೂ ನಗುತ್ತಿದ್ದರು. ಮೇಸ್ತ್ರಿಯ ಹುಕುಮಿನಂತೆ ಒಗೆದ ಬಟ್ಟೆ ಉಟ್ಟು ಅವಳೂ ಕ್ಲಾಸಿನ ಹಿಂದೆ ನಿಂತಿದ್ದಳು. ತಡವರಿಸದೆ ಓದುವವಳೆಂದು ಹೆಡ್‌ಮಾಸ್ಟರು ಕಡ್ಡಿಯ ಕೈಗೇ ಒಂದು ಚೀಟಿ ಕೊಟ್ಟರು. ಚೆಂಡು ಕೊಟ್ಟ ಧಣಿಗಳಿಗೆ ವಂದನೆ.

"ಓದಮ್ಮ, ಜೋರಾಗಿ."

ಕಡ್ಡಿ ಚೀಟಿ ಹಿಡಿದು ನಿಂತಳು. "ನಂಗೆ ಓದೋಕೆ ಬರಲ್ಲ."

"ಏಯ್ ಕತ್ತೆ, ಓದೇ!"

"ಬರಲ್ಲ ಸಾರ್."

ಹಿಂದಿನಿಂದ ತಾಯಿ ಬೆಂಚುಗಳ ನಡುವೆ ನುಗ್ಗಿ ಬಂದಳು. "ಬರತ್ತೆ! ನಿನ್ನೆ ಓದಿದ್ಲು. ಅವಳು ಓದಿದ್ದು ನಿಜ. ಸುಳ್ಳು ಹೇಳ್ದೋಳು ನಾನು."

ಬಿಳಿ ಅಂಗಿಯವನು ಏನೋ ಕೇಳಿದ. ಧಣಿ ನಗುತ್ತಲೇ ಅವರ ಭಾಷೆಯಲ್ಲಿ ಏನೋ ಹೇಳಿದ. ಇಬ್ಬರೂ ಅವಳತ್ತ ತಿರುಗಿ ಚಪ್ಪಾಳೆ ತಟ್ಟಿದರು.

"ನಡಿಯೇ ಆಚೆ, ಬೇವರ್ಸಿ," ಮೇಸ್ತ್ರಿ ಹಲ್ಲು ಕಚ್ಚಿ ಅವಳ ರಟ್ಟೆ ಹಿಡಿದ. "ನಾಳೆಯಿಂದ ಶೆಡ್ಡಿನ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

ಅವಳು ಬೆಂಚನ್ನು ಅವುಚಿ ಹಿಡಿದಳು. ಒಮ್ಮೆ ಕೇಳಿದ್ದು ಅಷ್ಟೇ, ಆದರೂ ಬಾಯಿಗೆ ಬಂತು. "ನಮ್ಮಮ್ಮ ಚೆಂಡು ಹೊಲೀತಾಳೆ. ನಾನು ಸಂಜೆ ಐದು ಮೂಲೆ ತುಂಡು ಹೊಲೀತೀನಿ. ಬೆರಳು ಬಾತಾಗ..." ಅಲ್ಲಿಗೆ ನಿಂತಿತು. ಮುಂದಿನದು ಮರೆತುಹೋಗಿತ್ತು.

"ಮುಂದೇನು ಪುಟ್ಟಿ?"

ಇಡೀ ಕ್ಲಾಸು ಕಡ್ಡಿಯ ಕಡೆ ತಿರುಗಿತು. ಕಡ್ಡಿ ತಾಯಿಯನ್ನು ನೋಡುತ್ತಲೇ ಇದ್ದಳು.

ತಾಯಿ ಮೊದಲಿನಿಂದ ಶುರು ಮಾಡಿದಳು.