ಸುನಂದಾಳಿಗೆ ಒಗ್ಗದ ಮಾತ್ರೆ

ಕೆಂಕೆರೆಯ ಕಲ್ಲೇಶನ ಹೆಂಡತಿ ಸುನಂದಾಳಿಗೆ ಭುಜದ ನೋವು ಶುರುವಾಗಿದ್ದು ಮನೆಯಲ್ಲಿ ಕೊಬ್ಬರಿ ಕೆಲಸ ನಡೆಯುತ್ತಿದ್ದಾಗ. ದಿನವಿಡೀ ಕರಟ ಒಡೆದು ಕೊಬ್ಬರಿ ಬಿಡಿಸಿ ಬಲಗೈ ಮೇಲೇಳದಂತಾಗಿತ್ತು. ಹುಳಿಯಾರಿನ ಮೆಡಿಕಲ್ ಶಾಪಿನಿಂದ ಕಲ್ಲೇಶನೇ ನೋವಿನ ಮಾತ್ರೆ ತಂದುಕೊಟ್ಟ. ಊರಲ್ಲಿ ಅದನ್ನು ನುಂಗದವರೇ ಇಲ್ಲ. ತಲೆನೋವಾಗಲಿ ಹಲ್ಲುನೋವಾಗಲಿ, ಎಲ್ಲಕ್ಕೂ ಅದೇ. ಊಟವಾದ ಮೇಲೆ ಒಂದು ನುಂಗಿ ಸುನಂದಾ ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

ಹೀಗೇ ಒಂದೆರಡು ವಾರ ಕಳೆದಿರಬೇಕು. ಜ್ವರ ಬಂತು, ಕಣ್ಣು ಕೆಂಪಾಗಿ ಉರಿಯತೊಡಗಿತು. ಜ್ವರಕ್ಕೂ ಆದೀತೆಂದು ಅದೇ ಮಾತ್ರೆ ನುಂಗಿ ಮಲಗಿದಳು. ಬೆಳಗ್ಗೆ ಎದ್ದಾಗ ಎದೆ, ಬೆನ್ನಿನ ಮೇಲೆಲ್ಲ ಕೆಂಪು ಕಲೆ, ತುಟಿಯ ಮೇಲೆ ಬೊಬ್ಬೆ.

ಕಲ್ಲೇಶನ ತಾಯಿ ಭೂತಮ್ಮ ಸೊಸೆಯ ಮುಖ ನೋಡಿದವಳೇ ಕೈ ಮುಗಿದಳು. “ಅಮ್ಮ ಬಂದವ್ಳೆ ಕಣ್ಲಾ. ಬೇವಿನ ಸೊಪ್ಪು ತತ್ತಾ. ಆಸ್ಪತ್ರೆ, ಸೂಜಿ ಏನೂ ಬ್ಯಾಡ. ತಾಯಿ ತಾನಾಗೇ ತಣ್ಣಗಾಯ್ತಾಳೆ.”

ತಾಯಿಗೆ ಎದುರಾಡಿ ಗೊತ್ತಿಲ್ಲದ ಕಲ್ಲೇಶ ಸೊಪ್ಪು ತಂದು ಹಾಸಿಗೆಯ ಸುತ್ತ ಹರಡಿದ. ಮಧ್ಯಾಹ್ನ ಗಂಜಿ ಕುಡಿಸಲು ಹೋದರೆ ಸುನಂದಾ ಬಾಯಿ ತೆರೆಯಲಾರಳು. ನಾಲಿಗೆ, ಒಸಡೆಲ್ಲ ಹುಣ್ಣು. ಎತ್ತಿ ಕೂರಿಸೋಣವೆಂದು ತೋಳು ಹಿಡಿದ. ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಚರ್ಮ ಅವನ ಬೆರಳಿಗೆ ಎದ್ದು ಬಂತು.

“ಅವ್ವಾ, ಇದು ಅಮ್ಮ ಅಲ್ಲ. ನಂಗೂ ಚಿಕ್ಕೋನಿದ್ದಾಗ ಆಗಿತ್ತಲ್ಲ, ಚರ್ಮ ಹಿಂಗೆ ಕಿತ್ತು ಬಂದಿತ್ತಾ? ತಿಪಟೂರಿಗೆ ಕರ್ಕೊಂಡು ಹೋಯ್ತೀನಿ.”

“ದೇವರ ಸಿಟ್ಟು ತಟ್ಟಿದ್ರೆ ಏನ್ಲಾ ಮಾಡ್ತೀಯ?”

“ತಟ್ಟಿದ್ರೆ ನಂಗೆ ತಟ್ಲಿ ಬುಡವ್ವ.”

ಬಾಡಿಗೆ ಕಾರು ಬಂದು ನಿಂತಾಗ ಭೂತಮ್ಮ ಹಿತ್ತಲಿನಿಂದ ಎಳೆಯ ಬಾಳೆ ಎಲೆ ಕೊಯ್ದು ತಂದು, ಸೊಸೆಯ ಮೈ ಅಂಟದಿರಲೆಂದು ಸೀಟಿನ ಮೇಲೆ ತಾನೇ ಹಾಸಿದಳು.

ತಿಪಟೂರಿನ ಡಾಕ್ಟರ್ ಗಿರಿಜಾಂಬಿಕಾ ರೋಗಿಯ ಬಾಯಿ, ಕಣ್ಣು ನೋಡಿದ ಕೂಡಲೇ ಕೇಳಿದರು: “ಇತ್ತೀಚೆಗೆ ಯಾವ್ದಾದ್ರೂ ಮಾತ್ರೆ ತಗೊಂಡ್ರಾ?”

ಕಲ್ಲೇಶ ಹೇಳಿದ. “ಆದ್ರೆ ಅದನ್ನ ಊರೋರೆಲ್ಲ ನುಂಗ್ತಾರೆ ಮೇಡಂ.”

“ಲಕ್ಷಾಂತರ ಜನ ನುಂಗ್ತಾರೆ, ಏನೂ ಆಗಲ್ಲ. ಎಲ್ಲೋ ಒಬ್ಬರ ಮೈ ಮಾತ್ರ ಹಿಂಗೆ ತಿರುಗಿಬೀಳುತ್ತೆ. ಸ್ಟೀವನ್ಸ್-ಜಾನ್ಸನ್ ಅನ್ನೋ ಕಾಯಿಲೆ ಇರಬೇಕು. ಬೇರೆ ಸೋಂಕಿಂದಲೂ ಬರಬಹುದು, ಮಾತ್ರೆಯಿಂದಲೇ ಅಂತ ಖಂಡಿತ ಹೇಳೋಕಾಗಲ್ಲ. ಆದ್ರೂ ನನಗೆ ಅನುಮಾನ ಅದರ ಮೇಲೇನೇ. ಇನ್ಯಾವತ್ತೂ ಅದನ್ನ ಕೊಡಬೇಡಿ. ಈಗಲೇ ಬೆಂಗಳೂರಿಗೆ ಹೊರಡಿ, ನಾನು ಫೋನ್ ಮಾಡ್ತೀನಿ.”

“ನಾನೇ ತಂದುಕೊಟ್ಟಿದ್ದು ಮೇಡಂ,” ಎಂದ ಕಲ್ಲೇಶ.

“ಹೊತ್ತಿಗೆ ಸರಿಯಾಗಿ ಇಲ್ಲಿಗೆ ತಂದೋರೂ ನೀವೇ ಅಲ್ವಾ?”

ಬೆಂಗಳೂರಿನಲ್ಲಿ, ಮೈಚರ್ಮ ಕಿತ್ತುಬರುತ್ತಿದ್ದರಿಂದ, ಅವಳನ್ನು ಸುಟ್ಟಗಾಯದವರ ವಾರ್ಡಿಗೆ ಸೇರಿಸಿದರು. ಜೀವಕ್ಕಿಂತ ಮುಂಚೆ ಕಣ್ಣೇ ಹೋದೀತೆಂದು ಕಲ್ಲೇಶ ಹೆದರಿದ್ದ. ರೆಪ್ಪೆಗಳು ಅಂಟಿಕೊಳ್ಳದಂತೆ ಕಣ್ಣಿಗೆ ಹನಿ ಹಾಕುವುದನ್ನು ನರ್ಸಿನಿಂದ ಕಲಿತ. ಬಾತ ಕಣ್ಣಿಗೆ ಏನೂ ಕಾಣದೆ ಅವಳು ಕೈ ತಡಕಾಡಿದಾಗ ಹಸು ಕರು ಹಾಕಿದ್ದು, ಅವ್ವ ಸಾರಿಗೆ ಉಪ್ಪು ಮರೆತಿದ್ದು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಕೂತ. ನಿಧಾನವಾಗಿ ಹಳೆಯ ಚರ್ಮದಡಿ ತೆಳ್ಳಗೆ ಹೊಸದು ಮೂಡಿತು. ಒಂದು ಬೆಳಗ್ಗೆ ಅವಳು ಅವನನ್ನೇ ದಿಟ್ಟಿಸಿ, ತುಟಿ ನೋಯುತ್ತಿದ್ದರೂ ಅಂದಳು: “ಏನ್ರೀ ಈ ಗಡ್ಡ! ಮಠ ಸೇರ್ಕೊಳ್ಳೋ ಯೋಚ್ನೆ ಏನಾದ್ರೂ ಅದೆಯಾ?” ಕಲ್ಲೇಶ ನಗಲು ಹೋಗಿ ಅತ್ತುಬಿಟ್ಟ.

ಊರಿಗೆ ಬಂದ ಮೇಲೂ ಕಣ್ಣಿನ ಹನಿ ತಪ್ಪಲಿಲ್ಲ, ಬಿಸಿಲಿಗೆ ಹೋಗುವಂತಿರಲಿಲ್ಲ. ನೋಡಲು ಬಂದ ನೆರೆಮನೆಯ ನಿಂಗಮ್ಮ, “ಅಮ್ಮ ಇಳಿದ್ಲಾ?” ಎಂದಾಗ ಭೂತಮ್ಮನೇ ತಿದ್ದಿದಳು: “ಅಮ್ಮ ಅಲ್ಲ ಕಣೇ, ಮಾತ್ರೆ ಒಗ್ಗದೆ ಹಂಗಾಗಿತ್ತಂತೆ. ನನ್ ಮಗ ನನ್ ಮಾತು ಕೇಳ್ದೆ ಒಳ್ಳೇದು ಮಾಡ್ದ.”

ಅಂದು ಸಂಜೆ ಬಿಸಿಲಿಳಿದ ಮೇಲೆ ಗಂಡ ಹೆಂಡತಿ ತೋಟದಲ್ಲಿ ನಡೆದರು. ಸುನಂದಾ ತಟ್ಟನೆ ನಿಂತು ಕೈ ಎತ್ತಿದಳು. “ಅಗೋ, ಆ ತೆಂಗಿನ ತುದೀಲಿ ಎರಡು ಗಿಣಿ ಕೂತವೆ.”

ಕಲ್ಲೇಶ ಎಷ್ಟು ಹುಡುಕಿದರೂ ಗರಿ ಬಿಟ್ಟು ಬೇರೇನೂ ಕಾಣಲಿಲ್ಲ.

“ಎಲ್ಲೇ?” ಎಂದ. ಅವಳು ಅವನ ಗಲ್ಲ ಹಿಡಿದು ಆ ಕಡೆ ತಿರುಗಿಸಿದಳು.